ಕಪ್ಪುಕುಳಿಗೆ ಚಕ್ಕುಬಂದಿ

ಹೆಣ್ಣು ಕೊಡುವ ಮನೆಗೂ ತರುವ ಮನೆಗೂ ಜಗಳವಾಗಲು ನಮ್ಮ ಕಡೆ ಕಾರಣಗಳಿಗೆ ಬರವಿಲ್ಲ. ಪಾಯಸದಲ್ಲಿ ದ್ರಾಕ್ಷಿ ಕಡಿಮೆಯಾಯಿತೆಂದು ಎದ್ದು ಹೋದವರುಂಟು. ಛತ್ರದ ಫ್ಯಾನು ತಮ್ಮ ಕಡೆಗೆ ತಿರುಗಲಿಲ್ಲವೆಂದು ಮುನಿಸಿಕೊಂಡವರುಂಟು. ಆದರೆ ಎಷ್ಟೋ ಸಾವಿರ ಜ್ಯೋತಿರ್ವರ್ಷದಾಚೆ ಇರುವ, ಯಾರೂ ಹತ್ತಿರ ಹೋಗಿ ನೋಡದ, ಹೋದವರು ಬಂದು ಹೇಳಲಾಗದ ಒಂದು ಕುಳಿಯ ದೆಸೆಯಿಂದ ಒಪ್ಪುವೀಳ್ಯ ನಿಂತುಹೋದ ಮನೆ ಇಡೀ ಚಾಮರಾಜನಗರ ಜಿಲ್ಲೆಗೆ ನಮ್ಮಕ್ಕನದೊಂದೇ. ಈ ಕೀರ್ತಿ ನಮ್ಮ ಭಾವ ಪುಟ್ಟಬಸಪ್ಪನವರಿಗೆ ಸಲ್ಲಬೇಕು. ಅದರಲ್ಲಿ ಅರ್ಧ ಪಾಲು ನನ್ನದೆಂದು ನಮ್ಮಕ್ಕ ಶಿವರುದ್ರಮ್ಮ ಈಗಲೂ ಹೇಳುತ್ತಾಳೆ. ಭಾವನಿಗೆ ಹೊಸ ಮೊಬೈಲು ಕೊಡಿಸಿದವನು ನಾನು.

ಭಾವ ಪತ್ರಬರಹಗಾರರು. ದಿನಾ ಬೆಳಿಗ್ಗೆ ಹರವೆಯಿಂದ ಬಸ್ಸು ಹಿಡಿದು ಚಾಮರಾಜನಗರಕ್ಕೆ ಬಂದು, ನೋಂದಣಿ ಕಚೇರಿಯ ಎದುರು ಬೇವಿನ ಮರದಡಿ ಮೇಜು ಹಾಕಿಕೊಂಡು ಕೂರುತ್ತಾರೆ. ಪಕ್ಕದಲ್ಲೇ ನನ್ನ ಜೆರಾಕ್ಸ್ ಅಂಗಡಿ. ಮೂವತ್ತು ವರ್ಷದಿಂದ ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ ಬರೆದು ಬರೆದು ಅವರಿಗೆ ಒಂದು ತತ್ವಜ್ಞಾನ ಬಂದುಬಿಟ್ಟಿದೆ. ಯಾವುದಕ್ಕೆ ಚಕ್ಕುಬಂದಿ ಇದೆಯೋ ಅದು ಲೋಕದಲ್ಲಿ ಇದೆ, ಯಾವುದಕ್ಕೆ ಇಲ್ಲವೋ ಅದು ಇಲ್ಲ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಹಳ್ಳ, ಉತ್ತರಕ್ಕೆ ಯಾವ ದಾರಿ, ದಕ್ಷಿಣಕ್ಕೆ ಯಾರ ತೋಟ ಎಂದು ನಾಲ್ಕೂ ಕಡೆಯ ಗಡಿ ಬರೆದ ಮೇಲೇ ಅವರಿಗೆ ಉಸಿರು ಬರುವುದು. ನನ್ನ ಮದುವೆಯ ಕರೆಯೋಲೆಯಲ್ಲಿ ಛತ್ರದ ವಿಳಾಸ ಬರೆಯಲು ಹೇಳಿದ್ದಕ್ಕೆ, ‘ದಕ್ಷಿಣಕ್ಕೆ ಸರ್ಕಾರಿ ಚರಂಡಿ’ ಎಂದು ಅಚ್ಚು ಹಾಕಿಸಿದ ಮಹಾನುಭಾವರು ಅವರು.

ಈಗ ಪತ್ರಗಳೆಲ್ಲ ಕಂಪ್ಯೂಟರಿಗೆ ಹೋಗಿ ಭಾವನಿಗೆ ಬಿಡುವು ಹೆಚ್ಚಾಯಿತು. ಒಂದು ದಿನ ಮೊಬೈಲಿನಲ್ಲಿ ‘ದಾಟಿದರೆ ಹಿಂತಿರುಗಲಾಗದ ಗಡಿ’ ಎಂಬ ವೀಡಿಯೊ ಕಣ್ಣಿಗೆ ಬಿತ್ತು. ಗಡಿ ಎಂದ ಮೇಲೆ ಭಾವ ಬಿಡುವುದುಂಟೇ. ನೋಡಿದರು. ಅದು ಬ್ಲ್ಯಾಕ್ ಹೋಲಿನ ಗಡಿ. ಅಂದಿನಿಂದ ಅವರ ಮೇಜಿನ ಮುಂದೆ ಕೂತವರಿಗೆ ಪತ್ರ ಸಿಗುವ ಮೊದಲು ಖಗೋಳ ಸಿಗತೊಡಗಿತು. ಕುದೇರಿನ ಪುಟ್ಟಮಾದಯ್ಯ ಅರ್ಧ ಎಕರೆ ಕ್ರಯಕ್ಕೆಂದು ಬಂದಾಗ ನಾನು ಅಲ್ಲೇ ಇದ್ದೆ.

“ಅದ್ರೊಳ್ಗಿಂದ ಬೆಳಕೂ ಆಚೆಗ ಬರಕಾಗಲ್ಲ ಕಣಯ್ಯ,” ಎಂದರು ಭಾವ.

“ನಮ್ಮೂರ್ಲೂ ಅಂಗೇ ಬುಡಿ ಸಾ,” ಎಂದ ಪುಟ್ಟಮಾದಯ್ಯ. “ಕರೆಂಟಿನ ಟಿಸಿ ಸುಟ್ಟೋಗಿ ಮೂರ್ ದಿನ ಆಯ್ತು.”

“ಕರೆಂಟಲ್ಲ ಕಣಯ್ಯ. ಸೂರ್ಯನಂತ ಸೂರ್ಯನ್ನೇ ನುಂಗ್ಬುಡ್ತದ.”

“ರಾಹು ಅನ್ನಿ.”

“ರಾಹು ನುಂಗಿ ಉಗುಳ್ತಾನ. ಇದು ಉಗಳಲ್ಲ.”

ಪುಟ್ಟಮಾದಯ್ಯ ತಲೆ ಕೆರೆದುಕೊಂಡು, “ಅಷ್ಟೊಂದು ನುಂಗುದ್ರ ಅದ್ಕ ಪಹಣಿ ಯಾರ್ ಎಸ್ರಲ್ಲಿ ಬತ್ತದ ಸಾ?” ಎಂದು ಕೇಳಿದ. ಇಂಥ ಆಳವಾದ ಪ್ರಶ್ನೆಯನ್ನು ವೀಡಿಯೊದಲ್ಲೂ ಯಾರೂ ಕೇಳಿರಲಿಲ್ಲವೆಂದು ಭಾವ ಅವನಿಗೆ ಟೀ ಕೊಡಿಸಿದರು.

ಇಲ್ಲಿಯವರೆಗೆ ಯಾರಿಗೂ ನಷ್ಟವಿರಲಿಲ್ಲ. ನಷ್ಟ ಶುರುವಾದದ್ದು ನನ್ನ ಸೊಸೆ, ಅಂದರೆ ಭಾವನ ಒಬ್ಬಳೇ ಮಗಳು ರೂಪಶ್ರೀಗೆ ಗುಂಡ್ಲುಪೇಟೆಯ ಸಂಬಂಧ ಕೂಡಿಬಂದಾಗ. ರೂಪಶ್ರೀ ನಗರದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಹನ್ನೊಂದು ಗಂಡುಗಳನ್ನು ನೋಡಿ, ಹನ್ನೊಂದಕ್ಕೂ ರಿಪೋರ್ಟು ಸರಿಯಿಲ್ಲ ಎಂದಿದ್ದಳು. ಹನ್ನೆರಡನೆಯವನು ಸೋಮಶೇಖರ್, ಪಶು ಆಸ್ಪತ್ರೆಯಲ್ಲಿ ಕೆಲಸ, ಮಾತು ಕಡಿಮೆ. ಅವನನ್ನು ನೋಡಿದ ದಿನ ನಮ್ಮ ಹುಡುಗಿ ಒಳಗೆ ಹೋಗಿ, “ಮಾವ, ಇವ್ರು ಆಗ್ಬೋದು,” ಎಂದಳು. ಅಷ್ಟು ಹೇಳಿ ಒಬ್ಬಟ್ಟಿನ ಹೂರಣಕ್ಕೆ ಉಪ್ಪು ಹಾಕಿಬಿಟ್ಟಳು. ಅದರಿಂದಲೇ ನಮಗೆ ಗೊತ್ತಾಯಿತು, ಹುಡುಗಿ ನಿಜವಾಗಿ ಒಪ್ಪಿದ್ದಾಳೆ ಎಂದು.

ಭಾನುವಾರ ಹರವೆಯಲ್ಲಿ ಒಪ್ಪುವೀಳ್ಯ. ನಮ್ಮಲ್ಲಿ ಎರಡು ಮನೆಯವರೂ ಯಜಮಾನರ ಎದುರು ಎಲೆ ಅಡಿಕೆಯ ತಟ್ಟೆ ಬದಲಾಯಿಸಿಕೊಂಡರೆ ಮಾತು ಕಲ್ಲಾಯಿತು ಅಂತ. ಬದಲಾಯಿಸುವ ತನಕ ಅದು ಬರೀ ಮಾತು. ಯಜಮಾನರೆಂದರೆ ಈ ಸಂಬಂಧ ಕುದುರಿಸಿದ ತೆರಕಣಾಂಬಿಯ ಮಹದೇವಸ್ವಾಮಿಯವರು, ಎಂಬತ್ತು ದಾಟಿದ ಹಿರಿಯರು. ಅವರ ಬಸ್ಸು ಮುಕ್ಕಾಲು ಗಂಟೆ ತಡವಾಯಿತು. ಆ ಮುಕ್ಕಾಲು ಗಂಟೆ ಸಾಕಾಯಿತು.

ಹುಡುಗನ ತಂದೆ ನೀಲಕಂಠಸ್ವಾಮಿ ಒಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ಮೂವತ್ನಾಲ್ಕು ವರ್ಷ ಇದ್ದು ನಿವೃತ್ತರಾದವರು. ಯಾವ ಇಲಾಖೆ ಎಂದು ನಾನು ಹೇಳುವುದಿಲ್ಲ, ಅವರ ಪಿಂಚಣಿ ಸುಖವಾಗಿ ಬರುತ್ತಿರಲಿ. ಜಮಖಾನದ ಮೇಲೆ ಕೂತವರು ಟೀಪಾಯಿಯ ಮೇಲಿದ್ದ ಭಾವನ ಮೊಬೈಲು ನೋಡಿದರು. ಅದರ ತುಂಬ ಕಿತ್ತಳೆ ಬಣ್ಣದ ಒಂದು ಉಂಗುರದ ಚಿತ್ರ.

“ಬೀಗ್ರೆ, ನೀವೂ ಬ್ಲ್ಯಾಕ್ ಹೋಲ್ ನೋಡ್ತೀರಾ?” ಎಂದರು.

“ಅದ್ನೇ ನೋಡದು,” ಎಂದರು ಭಾವ, ಬಹಳ ವರ್ಷ ಕಳೆದುಹೋಗಿದ್ದ ತಮ್ಮ ಸಿಕ್ಕಿದವರ ಹಾಗೆ.

ನೀಲಕಂಠಸ್ವಾಮಿಗಳೂ ನಿವೃತ್ತಿಯ ನಂತರ ಅದೇ ಚಟ ಹಿಡಿಸಿಕೊಂಡಿದ್ದರು. ಐನ್‌ಸ್ಟೀನರ ಲೆಕ್ಕದಿಂದ ಇಬ್ಬರೂ ಒಟ್ಟಿಗೆ ಹೊರಟು, ಹಾಕಿಂಗ್ ಅವರ ಹತ್ತಿರಕ್ಕೆ ಬಂದು, ಬ್ಲ್ಯಾಕ್ ಹೋಲು ಕೋಟಿ ಕೋಟಿ ವರ್ಷದಲ್ಲಿ ನಿಧಾನವಾಗಿ ಆವಿಯಾಗಿ ಹೋಗುತ್ತದೆಂಬಲ್ಲಿಗೆ ತಲುಪಿದರು. ನಾನು ಅಡಿಗೆಮನೆಗೆ ಹೋಗಿ, “ಅಕ್ಕ, ಗಂಡು ಹೆಣ್ಣಿಗಿಂತ ಬೀಗರ ಜಾತಕ ಚೆನ್ನಾಗಿ ಕೂಡ್ಬುಟ್ಟದ,” ಎಂದೆ. ಒಳ್ಳೆಯ ಮಾತಾಡಿದಾಗಲೆಲ್ಲ ನನಗೆ ಹೀಗೇ ಆಗುವುದು. ತಿರುಗಿ ಬರುವಷ್ಟರಲ್ಲಿ ಹಜಾರದ ಗಾಳಿ ಬೇರೆಯಾಗಿತ್ತು.

“ಆವಿ ಆಗೋದ್ಮೇಕ, ಒಳಗ ಬಿದ್ದಿದ್ರ ಮಾಹಿತಿ ಅಷ್ಟೂ ಓದಂಗೆ,” ಎನ್ನುತ್ತಿದ್ದರು ನೀಲಕಂಠಸ್ವಾಮಿ.

“ಓಗಲ್ಲ ಬೀಗ್ರೆ. ಮಾಹಿತಿ ನಾಶ ಆಗಕೂಡ್ದು ಅಂತ ನಿಯಮ ಅದ. ಎಲ್ಲೋ ಒಂದ್ಕಡ ಇದ್ದೇ ಇರ್ತದ.”

“ನೀವು ಯೋಳದು ನಿಯಮ. ನಾನು ಯೋಳದು ಅನುಭವ. ಮೂವತ್ನಾಕು ವರ್ಷ ನೋಡಿವ್ನಿ. ಒಳಕ್ಕೋದ ಕಡತ ಓಯ್ತು ಅಂದ್ರ ಓಯ್ತು. ಸಿಕ್ಕಲ್ಲ.”

“ಸಿಕ್ಕಲ್ಲ ಅಂದ್ರ ನಾಶ ಆಯ್ತು ಅಂತ ಅಲ್ಲ ಬೀಗ್ರೆ,” ಎಂದರು ಭಾವ ವಿನಯದಿಂದ. “ಸರ್ಯಾಗಿ ಹುಡ್ಕ್ನಿಲ್ಲ ಅಂತ.”

ಮೂವತ್ನಾಲ್ಕು ವರ್ಷ ದಾಖಲೆ ಕೋಣೆಯಲ್ಲಿ ಧೂಳು ಕುಡಿದವರ ಮುಂದೆ ಆಡಬಾರದ ಮಾತು ಲೋಕದಲ್ಲಿ ಒಂದೇ ಇದೆ. ಭಾವ ಅದನ್ನೇ ಹುಡುಕಿ ಆಡಿದ್ದರು. ನೀಲಕಂಠಸ್ವಾಮಿಗಳು ಎದ್ದು ನಿಂತು ಟವೆಲ್ಲು ಕೊಡವಿದರು.

“ನಾನು ಕೆಲಸ ಮಾಡ್ನಿಲ್ಲ ಅಂತೀರಾ?”

“ನಾನು ಬರೆದಿರ ಪತ್ರ ಉಳಿಯಲ್ಲ ಅಂತೀರಾ?” ಎಂದು ಭಾವನೂ ಎದ್ದರು.

“ಮಾಹಿತಿ ನಾಶ ಆಯ್ತದ ಅಂತ ನೀವು ಒಪ್ಪಗಂಟ ನಾನು ತಟ್ಟೆ ಮುಟ್ಟಲ್ಲ.”

“ಆಗಲ್ಲ ಅಂತ ನೀವು ಒಪ್ಪಗಂಟ ನಾನು ಕೊಡದೂ ಇಲ್ಲ.”

ಸೋಮಶೇಖರನನ್ನು ಅವನ ತಾಯಿ ರಟ್ಟೆ ಹಿಡಿದು ಕಾರಿಗೆ ಕೂರಿಸಿದರು. ಅವನು ಕಿಟಕಿಯಿಂದ ಹಿಂದಕ್ಕೆ ನೋಡಿದ ನೋಟ ಕಸಾಯಿ ಅಂಗಡಿಗೆ ಹೊರಟ ಹೋತದ್ದೇ ಸರಿ. ಕಾರು ಹೋದ ಐದು ನಿಮಿಷಕ್ಕೆ ಮಹದೇವಸ್ವಾಮಿಯವರು ಬಂದರು. ಅವರೊಬ್ಬರಿಗೇ ಎಲೆ ಹಾಕಿದೆವು.

“ಜಗಳ ಯಾತಕ್ಕಾಯ್ತು?” ಎಂದರು. ಹೇಳಿದೆ. ಒಂದು ಒಬ್ಬಟ್ಟು ತಿಂದು, “ಇನ್ನೊಂದ್ಸಲ ಯೋಳು,” ಎಂದರು. ಹೇಳಿದೆ. ಎರಡನೆಯದನ್ನೂ ತಿಂದು, ಕೈ ತೊಳೆದು, “ವರದಕ್ಷಿಣೆ ವಿಚಾರನ ಮುಚ್ಚಿಡಕ್ಕ ಇಷ್ಟ್ ದೊಡ್ಡ ಸುಳ್ಳು ಯಾಕ್ ಕಟ್ಟಿದ್ರಿ?” ಎಂದು ಕೇಳಿದರು.

ಆಷಾಢಕ್ಕೆ ಹದಿನೈದೇ ದಿನ ಉಳಿದಿತ್ತು. ಆಷಾಢ ಬಂದರೆ ತಟ್ಟೆ ಎತ್ತುವಂತಿಲ್ಲ. ಅಲ್ಲಿಯ ತನಕ ಬಿಟ್ಟರೆ ಸಂಬಂಧ ಹಳಸಿಹೋಗುತ್ತದೆ. ರೂಪಶ್ರೀ ಯಾರನ್ನೂ ಬಯ್ಯಲಿಲ್ಲ, ಅಳಲಿಲ್ಲ. ಸಂಜೆ ನನ್ನ ಅಂಗಡಿಗೆ ಬಂದು, “ಮಾವ, ಹದ್ಮೂರನೇದು ನೋಡಕ್ಕ ನಂಗ ಶಕ್ತಿ ಇಲ್ಲ. ಇದ್ನ ಸರಿ ಮಾಡ್ಬುಡು,” ಎಂದಳು. ಅಪ್ಪನಿಗೆ ಹೇಳಮ್ಮಿ ಎಂದೆ. ಅಪ್ಪ ಯೂಟ್ಯೂಬಿನಲ್ಲಿ ಇನ್ನಷ್ಟು ಸಾಕ್ಷಿ ಹುಡುಕುತ್ತಿದ್ದಾರೆ ಎಂದಳು.

ಊರು ಸುಮ್ಮನಿರುತ್ತದೆಯೇ. ಮರುದಿನವೇ ಪಕ್ಕದ ಮನೆಯ ಮಂಗಳಗೌರಿ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದಳು. ಆ ಮನೆಯಲ್ಲಿ ಯಾವತ್ತೂ ಹೆಪ್ಪಿಗೆ ಕೊರತೆ ಬಿದ್ದದ್ದಿಲ್ಲ.

“ರುದ್ರಮ್ಮಕ್ಕ, ಗುಂಡ್ಲುಪೇಟೆಯೋರ್ ಮನೇಲಿ ಒಂದು ಕುಳಿ ಅದಂತ. ಅದ್ರೊಳಕ್ಕ ಓದದ್ದು ಆಚೆಗೇ ಬರಲ್ವಂತ. ದಿಟವಾ?”

“ಯಾರಮ್ಮಿ ಯೋಳಿದ್ದು ನಿಂಗ?”

“ನಿಮ್ಮೆಜಮಾನ್ರೇ ಬಸ್ಸಲ್ಲಿ ಕಂಡಕ್ಟರ್‌ಗ ಯೋಳ್ತಿದ್ರಂತಲ್ಲ.”

ಸುದ್ದಿ ಸಂತೆಮರಹಳ್ಳಿಯ ಸಂತೆಗೆ ಹೋಗಿ ಬರುವ ಹೊತ್ತಿಗೆ ಕುಳಿ ಬಾವಿಯಾಗಿತ್ತು. ಆ ಮನೆಯ ಮೊದಲ ಸೊಸೆ ಅದರಲ್ಲಿ ಬಿದ್ದಿದ್ದಳು. ಸೋಮಶೇಖರನಿಗೆ ಇದೇ ಮೊದಲನೇ ಮದುವೆ ಎಂದು ಅಕ್ಕ ಎಷ್ಟು ಹೇಳಿದರೂ ಮಂಗಳಗೌರಿ, “ಅದೇ ಅಕ್ಕ, ಮಾಹಿತಿನೇ ಇಲ್ದಂಗ ಮಾಡ್ಬುಟ್ಟವ್ರ,” ಎಂದು ಕಣ್ಣೊರೆಸಿಕೊಂಡಳು.

ಭಾವನ ತಲೆಯೂ ತಲೆಯಾಗಿ ಉಳಿಯಲಿಲ್ಲ. ಪುಟ್ಟಮಾದಯ್ಯನ ಕ್ರಯಪತ್ರ ಅದೇ ವಾರ ನೋಂದಣಿಗೆ ಹೋಯಿತು. ಸಾಹೇಬರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದತೊಡಗಿದರು. ನಾನು ಸಾಕ್ಷಿ ಸಹಿಗೆ ನಿಂತಿದ್ದೆ.

“ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸೋಮಣ್ಣನವರ ಜಮೀನು, ಪೂರ್ವಕ್ಕೆ,” ಎಂದು ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, “ಪೂರ್ವಕ್ಕೆ ಘಟನಾ ದಿಗಂತ,” ಎಂದು ಓದಿದರು. “ಪುಟ್ಟಬಸಪ್ಪನವ್ರೆ, ಇದ್ಯಾವ ಸರ್ವೆ ನಂಬರು?”

ಭಾವ ಬಾಯಿ ತೆರೆದರು. ವೀಡಿಯೊದವರು ಬ್ಲ್ಯಾಕ್ ಹೋಲಿನ ಆ ಗಡಿಗೆ ಇಟ್ಟ ಹೆಸರು ಅದು, ಕೈ ತಪ್ಪಿ ಬಂದಿದೆ ಎಂದು ಹೇಳುವ ಮೊದಲೇ ಪುಟ್ಟಮಾದಯ್ಯ ಮುಂದೆ ಬಂದ.

“ಪೂರ್ವಕ್ಕ ರಂಗಸ್ವಾಮಿ ಬಾಳೆ ತೋಟ ಇತ್ತಲ್ಲ ಸ್ವಾಮಿ. ಯಾವಾಗ ಮಾರ್ಬುಟ್ಟ ಅವ್ನು? ನಂಗೊಂದ್ ಮಾತೂ ಯೋಳ್ನಿಲ್ಲ.”

“ಮಾರಿಲ್ಲ ಕಣಯ್ಯ. ಅದು ಒಂದ್ಸಲ ದಾಟುದ್ರ ವಾಪಸ್ ಬರಕಾಗದ್ ಗಡಿ.”

“ಬೇಲಿಗ ಕರೆಂಟ್ ಬುಟ್ಟವ್ನಾ?” ಎಂದು ಪುಟ್ಟಮಾದಯ್ಯ ಅಲ್ಲಿಂದಲೇ ರಂಗಸ್ವಾಮಿಗೆ ಫೋನು ಹಚ್ಚಿದ. ಸಾಹೇಬರು ಪತ್ರ ವಾಪಸ್ಸು ಕೊಟ್ಟು, ಭಾವನಿಗೆ ಒಂದು ವಾರ ವಿಶ್ರಾಂತಿ ತೆಗೆದುಕೊಳ್ಳಲು ಪ್ರೀತಿಯಿಂದ ಹೇಳಿದರು. ಮೂವತ್ತು ವರ್ಷದಲ್ಲಿ ಭಾವ ಬರೆದ ಪತ್ರ ತಿರುಗಿ ಬಂದದ್ದು ಅದೇ ಮೊದಲು. ಮೇಜಿನ ಮುಂದೆ ಕೂತು ನನ್ನ ಕಡೆ ತಿರುಗಿ, “ನೋಡ್ದಾ ಶಶಿ, ತಪ್ಪಿರದು ವಾಪಸ್ ಬತ್ತದ, ಎಲ್ಲೂ ಓಗಲ್ಲ,” ಎಂದರು. ಅದರಲ್ಲೂ ಅವರಿಗೆ ತಮ್ಮ ವಾದವೇ ಗೆದ್ದಂತೆ ಕಂಡಿತು.

ಇನ್ನು ನಾನೇ ಹೊರಡದೆ ವಿಧಿಯಿಲ್ಲವೆಂದು ಗುರುವಾರ ಗುಂಡ್ಲುಪೇಟೆಗೆ ಹೋದೆ. ಜೊತೆಗೆ ಎರಡು ಚಿಪ್ಪು ರಸಬಾಳೆ. ಸಂಧಾನಕ್ಕೆ ಬರಿಗೈಲಿ ಹೋಗಬಾರದು.

ಬಾಗಿಲು ತೆರೆದ ಬೀಗಿತ್ತಿಯ ಮುಖ ಮೊದಲೇ ಗಡುಸು. “ನಿಮ್ ಕಡೆಯೋರು ಒಂದೊಂದ್ ಮಾತ್ನೂ ಬರ್ದಿಡ್ತಾರಂತ, ಯಾವ್ದೂ ಮರ್ಯಲ್ವಂತ. ಸೊಸೆ ಬಂದು ದಿನಾ ತವರಿಗ ವರದಿ ಕಳಿಸಿದ್ರ ನಾವು ಬಾಳದುಂಟಾ?” ಎಂದರು. ಇಲ್ಲಿಯೂ ಸುದ್ದಿ ತನ್ನ ಕೆಲಸ ಮಾಡಿತ್ತು.

ನೀಲಕಂಠಸ್ವಾಮಿಗಳು ಮಾತ್ರ ನನ್ನನ್ನು ಕೂರಿಸಿ, “ನೀವು ಜೆರಾಕ್ಸಿನೋರು, ನ್ಯಾಯವಾಗಿ ನೋಡಿ,” ಎಂದು ಎದ್ದರು. ದೇವರ ಕೋಣೆಯ ಗೂಡಿನಿಂದ ಮಡಿಸಿದ ಒಂದು ಕಾಗದ ತಂದರು. ಕಡ್ಡಿ ಗೀರಿ ಹಚ್ಚಿಯೇಬಿಟ್ಟರು. ಕಾಗದ ಉರಿದು ಸುರುಳಿಯಾಗಿ ತಟ್ಟೆಯಲ್ಲಿ ಬೂದಿಯಾಯಿತು.

“ಈಗ ಯೋಳಿ. ಇದ್ರಲ್ಲಿ ಏನ್ ಬರ್ದಿತ್ತು?”

“ಗೊತ್ತಿಲ್ಲ.”

“ಗೊತ್ತಾಗದೂ ಇಲ್ಲ. ನಿಮ್ಮ್ ಭಾವ ಬಂದ್ರೂ ಗೊತ್ತಾಗಲ್ಲ. ಮಾಹಿತಿ ಓಯ್ತು.”

“ನಿಮಗೆ ಗೊತ್ತಾ?” ಎಂದೆ.

ಅವರು ತಟ್ಟೆಯ ಬೂದಿಯ ಕಡೆ ನೋಡಿದರು. “ಇಲ್ಲ. ಕೈಗ ಸಿಕ್ಕುದ್ ತಕ್ಕಂಡೆ,” ಎಂದರು.

ಬೀಗಿತ್ತಿ ದೇವರ ಕೋಣೆಯ ಗೂಡಿಗೆ ಕೈ ಹಾಕಿ ತಡಕಿ ನೋಡಿ, ಅಲ್ಲೇ ಕುಸಿದು ಕೂತರು. “ಸಾಲಾವಳಿ ಚೀಟಿ,” ಎಂದರು. “ಹುಡ್ಗ ಹುಡ್ಗಿ ಜಾತಕ ಕೂಡ್ಸಿ ಅಯ್ನೋರು ಬರ್ದುಕೊಟ್ಟಿದ್ದು.”

ನಾನು ಬಾಳೆಹಣ್ಣನ್ನು ಅಲ್ಲೇ ಇಟ್ಟು ಎದ್ದು ಬಂದೆ. ಭಾವನಿಗೆ ಮೆತ್ತಗೆ ಹೇಳಬೇಕೆಂದು ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದೆ. ಆದರೆ ನಾನು ಬಸ್ಸಿಳಿಯುವ ಮೊದಲೇ ಹರವೆಯಲ್ಲಿ, ಗಂಡಿನ ಕಡೆಯವರು ಹೆಣ್ಣಿನ ಜಾತಕ ಸುಟ್ಟರೆಂದು ಮಂಗಳಗೌರಿ ಬೀದಿಯ ಆ ತುದಿಯಿಂದ ಈ ತುದಿಗೆ ಮುಟ್ಟಿಸಿಯಾಗಿತ್ತು. ಬೆಳಕಿಗಿಂತ ವೇಗವಾಗಿ ಯಾವುದೂ ಹೋಗಲಾರದು ಎನ್ನುವ ವಿಜ್ಞಾನಿಗಳು ಒಮ್ಮೆ ಹರವೆಗೆ ಬಂದು ನಾಲ್ಕು ದಿನ ಇರಬೇಕು.

ನಮ್ಮಕ್ಕ ತಲೆಗೆ ಬಟ್ಟೆ ಕಟ್ಟಿ ಮಲಗಿದ್ದಳು. ಭಾವ ಮಾತ್ರ ಹೊಸ ಹುರುಪಿನಲ್ಲಿದ್ದರು.

“ಹೊಗೆ ಎಲ್ಗೋಯ್ತು ಕೇಳ್ದಾ ಶಶಿ? ಕೇಳ್ಬೇಕಿತ್ತು ಕಣ್ಲಾ. ಹೊಗೆ, ಬೂದಿ, ಬಿಸಿ ಮೂರ್ನೂ ಒಂದ್ಕಡ ಕೂಡಾಕುದ್ರ ಚೀಟಿಲಿ ಬರ್ದಿದ್ದು ಅದ್ರಲ್ಲೇ ಅದ.”

“ಭಾವ, ಸುಟ್ಟಿದ್ದು ನಿಮ್ಮ ಮಗಳ ಸಾಲಾವಳಿ.”

“ಗೊತ್ತು ಕಣ,” ಎಂದರು. ಆಮೇಲೆ ಮೊಬೈಲನ್ನು ಬೋರಲಾಗಿ ಇಟ್ಟು, ನೆಲ ನೋಡುತ್ತ ಕೂತರು. ಬೇವಿನ ಮರದಡಿ ಎಂಟು ತಾಸು ಬಾಯಿ ಮುಚ್ಚದ ಮನುಷ್ಯ ಹಾಗೆ ಕೂತದ್ದನ್ನು ನೋಡಿ, ಎಂದೂ ಇಲ್ಲದೆ ನನಗೆ ಅವರ ಮೇಲೆ ಕನಿಕರ ಬಂತು.

ಅಕ್ಕ ಮಲಗಿದ್ದಲ್ಲಿಂದಲೇ ಮಹದೇವಸ್ವಾಮಿಯವರಿಗೆ ಫೋನು ಮಾಡಿಸಿದಳು. ಅವರು ಶನಿವಾರ ಎರಡೂ ಕಡೆಯವರು ತೆರಕಣಾಂಬಿಗೆ ಬರಬೇಕೆಂದು ಹೇಳಿ ಕಳಿಸಿದರು. ನ್ಯಾಯ ಅವರ ಜಗಲಿಯ ಮೇಲೆ. ಭೌತಶಾಸ್ತ್ರದ ಇತಿಹಾಸದಲ್ಲಿ ಇಂಥ ಪ್ರಶ್ನೆ ಜಗಲಿ ಹತ್ತಿದ್ದು ಇದೇ ಮೊದಲಿರಬೇಕು. ಎದುರು ಬದುರು ಚಾಪೆ. ಒಂದರ ಮೇಲೆ ಭಾವ, ಅಕ್ಕ, ರೂಪಶ್ರೀ, ನಾನು. ಇನ್ನೊಂದರ ಮೇಲೆ ನೀಲಕಂಠಸ್ವಾಮಿ, ಅವರ ಹೆಂಡತಿ, ಸೋಮಶೇಖರ್. ನಡುವೆ ಗೋಡೆಗೊರಗಿ ಯಜಮಾನರು. ಜಗಲಿಯ ಕೆಳಗೆ, ಯಾರೂ ಕರೆಯದೆ ಬಂದ ಅರ್ಧ ಊರು.

ಇಬ್ಬರ ವಾದವನ್ನೂ ಯಜಮಾನರು ಕಣ್ಣು ಮುಚ್ಚಿ ಕೇಳಿದರು. ನಿದ್ದೆ ಬಂತೇನೋ ಎಂದುಕೊಂಡೆವು. ಆಮೇಲೆ ಕಣ್ಣು ಬಿಟ್ಟರು.

“ಅಲ್ಗ ಓಗಿ ನೋಡ್ಕಂಡ್ ಬಂದೋರು ಯಾರಾರ ಇದ್ದಾರಾ?”

“ಓದ್ರ ಬರಕಾಗಲ್ಲ ಯಜಮಾನ್ರೆ,” ಎಂದರು ನೀಲಕಂಠಸ್ವಾಮಿ.

“ಅಂಗಾದ್ರ ಸ್ಥಳ ಪರಿಶೀಲನೆ ಆಗಿಲ್ಲ. ನಿಮ್ಗ ಯೋಳಿದ್ದು ಯಾರು?”

“ಲೆಕ್ಕ ಯೋಳ್ತದ,” ಎಂದರು ಭಾವ. “ಐನ್‌ಸ್ಟೀನ್ ಅಂತ ಒಬ್ರು ಲೆಕ್ಕ ಮಾಡವ್ರ. ಗಡಿ ಎಲ್ಲಿ, ಎಷ್ಟ್ ದಪ್ಪ, ಎಷ್ಟ್ ಎಳೀತದ, ಎಲ್ಲ ಆ ಲೆಕ್ಕದಲ್ಲಿ ಬತ್ತದ.”

“ಗಡಿ ದಾಟಿ ಒಳಕ್ಕೂ ಆ ಲೆಕ್ಕ ನಡೀತದಾ?”

“ನಡೀತದ. ನಡುಮಧ್ಯಕ್ಕ ಓಗಗಂಟ.”

“ನಡುಮಧ್ಯದಲ್ಲಿ?”

ಭಾವ ಎದುರಿನ ಚಾಪೆಯ ಕಡೆ ನೋಡಿದರು. ನೀಲಕಂಠಸ್ವಾಮಿ ಈ ಚಾಪೆಯ ಕಡೆ ನೋಡಿದರು. ಜಗಳವಾದ ಮೇಲೆ ಮೊದಲ ಸಲ ಇಬ್ಬರ ಮುಖದಲ್ಲೂ ಒಂದೇ ಭಾವ.

“ಅಲ್ಲಿ ಲೆಕ್ಕ ಕೈ ಕೊಡ್ತದ ಯಜಮಾನ್ರೆ,” ಎಂದರು ನೀಲಕಂಠಸ್ವಾಮಿ ಮೆಲ್ಲಗೆ. “ಭಾಗಿಸ್ತಾ ಭಾಗಿಸ್ತಾ ಓಗಿ ಕೆಳಗ ಸೊನ್ನೆ ಬಂದ್ಬುಡ್ತದ. ಉತ್ತರ ಅಂತ ಏನೂ ಬರಲ್ಲ.”

“ದೊಡ್ಡ ದೊಡ್ಡೋರ್ಗೂ ಗೊತ್ತಿಲ್ಲ,” ಎಂದರು ಭಾವ. “ಇನ್ನೊಂದು ಲೆಕ್ಕ ಅದ, ಸಣ್ಣ ಕಣದ್ದು. ಎರಡೂ ಅಲ್ಲಿ ಕೂಡಲ್ಲ.”

“ಅಂದ್ರ ನೀವಿಬ್ರೂ ಬಡ್ದಾಡ್ತಿರ ಜಾಗದಲ್ಲಿ ಲೆಕ್ಕನೇ ಇಲ್ಲ.” ಯಜಮಾನರು ಎಲೆಗೆ ಸುಣ್ಣ ಸವರಿ ಡಬ್ಬಿ ಮುಚ್ಚಿದರು. “ನೀಲಕಂಠ, ನೀನು ರೆಕಾರ್ಡ್ ನೋಡಿದವ್ನು. ಬಸಪ್ಪ, ನೀನು ಪತ್ರ ಬರ್ಯವ್ನು. ಒಂದು ಸರ್ವೆ ನಂಬರೊಳಗ ಕಲ್ಲು ಗುಂಡಿ ಜಾಗ ಅದ. ಅಲ್ಲಿ ಬೆಳೆಯಿಲ್ಲ, ಕಂದಾಯ ಇಲ್ಲ, ಯಾವ ಲೆಕ್ಕಕ್ಕೂ ಸಿಕ್ಕಲ್ಲ. ಅದ್ನ ಏನಂತ ಬರೀತೀರಿ?”

ಇಬ್ಬರ ಬಾಯಿಯೂ ಒಟ್ಟಿಗೆ ತೆರೆಯಿತು. “ಖರಾಬು.”

“ಖರಾಬು ಅಂತ ಬರ್ದು, ಕಳೀರಿ, ಉಳಿದ ಜಮೀನು ನೋಡ್ಕಳಿ. ಮುಂದ ಯಾವನೋ ಜಾಣ ಬಂದು ಹೊಸ ಸರ್ವೆ ಮಾಡ್ತಾನ. ಅಲ್ಲಿಗಂಟ ಅದ್ರೊಳ್ಗ ಉಳೀತು ಅನ್ನಕ್ಕ ಬಸಪ್ಪನ್ಗ ಹಕ್ಕಿಲ್ಲ, ಓಯ್ತು ಅನ್ನಕ್ಕ ನೀಲಕಂಠನ್ಗ ಹಕ್ಕಿಲ್ಲ. ಖರಾಬು ಜಾಗಕ್ಕ ಬಡ್ದಾಡಿ ಎರಡು ಮಕ್ಳ ಮದ್ವ ನಿಲ್ಸಿ ಕೂರ್ಸ್ಬುಟ್ರಲ್ಲ, ನಿಮ್ಮ ವಯಸ್ಸೇನು, ಬುದ್ಧಿಯೇನು.”

ಜಗಲಿಯ ಕೆಳಗಿದ್ದವರು ಆಯ್ತು ಮುಗೀತು ಎಂದು ಪಂಚೆ ಕೊಡವಿಕೊಂಡು ಎದ್ದರು. ನೀಲಕಂಠಸ್ವಾಮಿಗಳೂ ತಲೆ ಆಡಿಸಿದರು. ಭಾವ ಮಾತ್ರ ಆಡಿಸಲಿಲ್ಲ. ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತಿದ್ದರು. ಇನ್ನೂ ಒಂದು ವೀಡಿಯೊ ಉಳಿದಿದೆಯೇನೋ ಎಂದು ನಾನು ಅಕ್ಕನ ಮುಖ ನೋಡಿದೆ.

“ಬುಡಯ್ಯ ಬಸಪ್ಪ, ಒಪ್ಕ,” ಎಂದರು ಯಜಮಾನರು.

“ನ್ಯಾಯ ಒಪ್ಕಂಡೆ ಯಜಮಾನ್ರೆ. ಅದಲ್ಲ.” ಭಾವ ಮಗಳ ಕಡೆ ನೋಡಿದರು. “ಒಬ್ಳೇ ಮಗ್ಳು ನಂಗ. ಒಳಕ್ಕೋದದ್ದು ಓಯ್ತು, ತಿರ್ಗಿ ಸಿಕ್ಕಲ್ಲ, ಅಂತ ಎದೆ ತಟ್ಕಂಡು ಯೋಳೋರ ಮನಗ ನಾನು ಅವ್ಳ ಎಂಗ ಕಳಿಸ್ಲಿ?”

ರೂಪಶ್ರೀ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಮ್ಮಕ್ಕ, ಮೂವತ್ತು ವರ್ಷದಲ್ಲಿ ಗಂಡನನ್ನು ಬಯ್ಯುವುದನ್ನು ಒಂದು ದಿನವೂ ತಪ್ಪಿಸದವಳು, ಸುಮ್ಮನೆ ಅವರ ಬೆನ್ನ ಮೇಲೆ ಕೈಯಿಟ್ಟಳು. ನನಗಂತೂ ಕಣ್ಣಲ್ಲಿ ನೀರು ಬಂತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನೀಲಕಂಠಸ್ವಾಮಿಗಳು ಎದ್ದು ಈ ಚಾಪೆಗೆ ಬಂದು ಭಾವನ ಪಕ್ಕದಲ್ಲಿ ಕೂತರು. “ಬೀಗ್ರೆ, ನಾನು ಯೋಳಿದ್ದು ಕಡತದ್ದು. ನಮ್ಮನೆ ಏನು ರೆಕಾರ್ಡ್ ರೂಮಾ?” ಎಂದರು. “ಗುಂಡ್ಲುಪೇಟೆಯಿಂದ ನಿಮ್ಮೂರಿಗ ಬಸ್ಸವ. ಬೆಳಕು ಬರದಿದ್ರೂ ನಿಮ್ಮ್ ಮಗ್ಳು ಬತ್ತಾಳ. ಬಸ್ಸಿಲ್ದಿದ್ರ ಸ್ಕೂಟರಲ್ಲಿ ನಾನೇ ತಂದ್ ಬುಡ್ತೀನಿ.”

ತಟ್ಟೆ ಯಾರೂ ತಂದಿರಲಿಲ್ಲ. ಯಜಮಾನರ ಮನೆಯ ಊಟದ ತಟ್ಟೆಯಲ್ಲೇ ಅಂಗಡಿಯ ಎಲೆ ಅಡಿಕೆ ಇಟ್ಟು ಬದಲಾಯಿಸಿಕೊಂಡರು. ಅಯ್ಯನವರು ಸಾಲಾವಳಿಯನ್ನು ಮತ್ತೆ ಬರೆದುಕೊಟ್ಟರು. ಅಕ್ಷರ ಬಿಡದೆ ಮೊದಲಿನದೇ ಬಂತೆಂದು ಭಾವ ಏನೋ ಹೇಳಲು ಬಾಯಿ ತೆರೆದರು. ಅಕ್ಕ ನೋಡಿದ ನೋಟಕ್ಕೆ ಮುಚ್ಚಿದರು.

ಶ್ರಾವಣದಲ್ಲಿ ಮದುವೆಯಾಯಿತು. ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಎರಡು ದಿನವೆಂದು ಬಂದ ರೂಪಶ್ರೀ ಆರು ದಿನವಾದರೂ ಹೊರಡಲಿಲ್ಲ. ಭಾವ ಬೇವಿನ ಮರದಡಿಗೆ ಬರುವುದನ್ನೇ ಬಿಟ್ಟು, ಮನೆಯಲ್ಲಿ ಮಗಳು ಮಾಡಿದ ಉಪ್ಪಿಟ್ಟು ತಿಂದುಕೊಂಡು ಕೂತರು. ಏಳನೆಯ ದಿನ ನೀಲಕಂಠಸ್ವಾಮಿಗಳ ಫೋನು ಬಂತು. ನಾನೂ ಅಲ್ಲೇ ಇದ್ದೆ. ಸ್ಪೀಕರು ಹಾಕಿದ್ದರಿಂದ ಮನೆಯವರೆಲ್ಲರಿಗೂ ಕೇಳಿತು.

“ಬೀಗ್ರೆ, ನೀವು ಗೆದ್ರಿ, ನಾನು ಸೋತೆ. ಒಳಕ್ಕೋದದ್ದು ಆಚೆಗ ಬಂದೇ ಬತ್ತದ, ಒಪ್ಕಂಡೆ. ಈಗ ಸೊಸೆನ ಕಳ್ಸಿಕೊಡಿ. ಸೋಮು ಮಂಕಾಗವ್ನ.”

ಈ ಒಂದು ಮಾತಿಗಾಗಿ ಭಾವ ಒಪ್ಪುವೀಳ್ಯ ನಿಲ್ಲಿಸಿದ್ದರು, ಕ್ರಯಪತ್ರ ಕೆಡಿಸಿದ್ದರು, ಜಗಲಿ ಹತ್ತಿದ್ದರು. ಈಗ ಅದು ತಾನಾಗಿ ನಡೆದುಕೊಂಡು ಮನೆಗೆ ಬಂದಿತ್ತು. ಅಡಿಗೆಮನೆಯಲ್ಲಿ ಅಮ್ಮನ ಜೊತೆ ನಗುತ್ತಿದ್ದ ಮಗಳ ಕಡೆ ಒಮ್ಮೆ ನೋಡಿ, ಭಾವ ಫೋನನ್ನು ಬಾಯಿಯ ಹತ್ತಿರಕ್ಕೆ ತಂದುಕೊಂಡರು.

“ಇಲ್ಲ ಬೀಗ್ರೆ,” ಎಂದರು, “ನಾನು ಮತ್ತ ಕೂತು ಸರ್ಯಾಗಿ ನೋಡ್ದೆ. ನೀವು ಯೋಳಿದ್ದೇ ಸರಿ. ಒಳಕ್ಕ ಬಂದದ್ದು ಭಾನುವಾರಗಂಟ ಆಚೆಗ ಬರಲ್ಲ.”